ನೀರು ಕುಡಿದ ಮನೆ

ನಮ್ಮ ಮನೆಗೆ ನೆರೆಮನೆ ಇರಲಿಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಎಡಕ್ಕೂ ಬಲಕ್ಕೂ ಬರೀ ಬಯಲು. ಎಡಗಡೆ ಜಾಲಿ ಬೆಳೆದಿತ್ತು, ಬಲಗಡೆ ಊರ ಹಂದಿಗಳು ಮಲಗುತ್ತಿದ್ದವು. ಅಪ್ಪ ಏಡ್ಸ್ ಬಂದು ಸತ್ತಮೇಲೆ ಸಾಲಿನ ಮನೆಗಳೆಲ್ಲ ಸರಿದುಹೋಗಿದ್ದವು. ಬಡಿಗೇರರ ಮನೆ ಮೊದಲು ಸರಿಯಿತಂತೆ, ಅದರ ಹಿಂದೆ ಸಾವಂತ್ರಕ್ಕನ ಮನೆ. ಅಪ್ಪನ ದಿವಸದ ಅಡುಗೆ ಆಗುವುದರೊಳಗೆ ಅವ್ವ ಬಾಗಿಲು ತೆರೆದು ನೋಡಿದರೆ, ಕೂಗಿದರೂ ಕೇಳಿಸದಷ್ಟು ದೂರದಲ್ಲಿ ಊರು ನಿಂತಿತ್ತು. ಅವ್ವನಿಗೆ ರೋಗ ತಗಲಿರಲಿಲ್ಲ. ಅಣ್ಣನಿಗೂ ನನಗೂ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ.

ಮನೆಗಳು ಸರಿಯುವುದನ್ನು ಕಣ್ಣಾರೆ ಕಂಡವರಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಸರಿದಿರುತ್ತವೆ. ಗೋಡೆಗೆ ಗೋಡೆ ಹತ್ತಿ ನಿಂತ ಎರಡು ಮನೆಗಳ ನಡುವೆ ಮೊದಲು ಬೆರಳು ತೂರುವಷ್ಟು ಸಂದು ಬೀಳುತ್ತದೆ, ಆಮೇಲೆ ಬೆಕ್ಕು ತೂರುವಷ್ಟು, ಆಮೇಲೆ ಎಮ್ಮೆ ತೂರುವಷ್ಟು. ಎಮ್ಮೆ ತೂರುವಷ್ಟಾದರೆ ಆ ಮನೆಗೆ ಹೆಣ್ಣು ಕೊಡುವುದಿಲ್ಲ, ಆ ಮನೆಯ ಹೆಣ್ಣು ತರುವುದೂ ಇಲ್ಲ. ಉಳಿದಂತೆ ಊರಿನವರು ಇದಕ್ಕೆ ಹೊಂದಿಕೊಂಡಿದ್ದಾರೆ. ನಳಕ್ಕೆ ಉದ್ದನೆಯ ರಬ್ಬರ್ ಪೈಪು ಇಟ್ಟುಕೊಳ್ಳುತ್ತಾರೆ, ಕರೆಂಟಿನ ವೈರನ್ನು ಜೋಕಾಲಿಯ ಹಗ್ಗದಂತೆ ಜೋಲು ಬಿಡುತ್ತಾರೆ. ಪೋಸ್ಟ್‌ಮ್ಯಾನ್ ದಿನಾ ಚಹಾದಂಗಡಿಯಲ್ಲಿ ಕೂತು, "ಇವತ್ತ ಯಾರ ಮನಿ ಎಲ್ಲಿಗೆ ಬಂದೈತ್ರೆಪಾ?" ಎಂದು ಕೇಳಿಕೊಂಡೇ ಚೀಲ ಹೆಗಲಿಗೇರಿಸುತ್ತಾನೆ.

ಎಚ್‌ಐವಿ ಪರೀಕ್ಷೆ ಮಾಡುವ ಕೇಂದ್ರಕ್ಕೆ ನಮ್ಮಲ್ಲಿ ರಕ್ತದ ಮನೆ ಎನ್ನುತ್ತಾರೆ. ಕಟ್ಟುವಾಗ ಊರ ನಟ್ಟನಡುವೆ ಕಟ್ಟಿದ್ದರು. ಈಗ ಅದರ ಸುತ್ತ ಎರಡು ಫುಟ್‌ಬಾಲ್ ಮೈದಾನದಷ್ಟು ಬಯಲು. ಆ ಬಯಲು ದಾಟುವವರು ನಾಲ್ಕೂ ಕಡೆಯ ಕಿಟಕಿಗಳಿಗೆ ಕಾಣುತ್ತಾರೆ. ಆದ್ದರಿಂದ ಯಾರೂ ಬರಿಗೈಯಲ್ಲಿ ದಾಟುವುದಿಲ್ಲ. ಆಡು ಮೇಯಿಸುತ್ತ, ಸಗಣಿ ಆರಿಸುತ್ತ, ಕಳೆದುಹೋದ ಕರು ಹುಡುಕುತ್ತ ಹೋಗಿ, ಬಾಗಿಲ ಹತ್ತಿರ ಬಂದಾಗ ನೀರಡಿಕೆಯಾದವರಂತೆ ಒಳಗೆ ನುಗ್ಗುತ್ತಾರೆ. ಹೊರಗಿನ ಗೂಟಕ್ಕೆ ಯಾವಾಗಲೂ ಒಂದೆರಡು ಆಡು ಕಟ್ಟಿರುತ್ತವೆ.

ರೋಗ ಇಲ್ಲವೆಂದು ಬಂದರೆ ನೀರು ಕುಡಿಯಬೇಕು. ಈ ಪದ್ಧತಿ ಯಾರು ಹಾಕಿದರೋ ತಿಳಿಯದು. ಪರೀಕ್ಷೆಯಾದವನು ಖಾಲಿ ತಂಬಿಗೆ ಹಿಡಿದು ಸಾಲಿನ ಮನೆಮನೆಗೂ ಹೋಗುತ್ತಾನೆ. ಹೊಸ್ತಿಲಲ್ಲಿ ನಿಂತು "ಇಲ್ಲ" ಎನ್ನುತ್ತಾನೆ. ಮನೆಯ ಹಿರಿಯಳು ತಾವು ಕುಡಿಯುವ ಕೊಡದಿಂದಲೇ ನೀರು ಹೊಯ್ಯುತ್ತಾಳೆ. ಅವನು ಅಲ್ಲೇ ಕುಡಿಯುತ್ತಾನೆ. ಸರಿದ ಮನೆ ಮರುದಿನ ಬೆಳಿಗ್ಗೆಗೆ ತಿರುಗಿ ಬಂದು ಹತ್ತಿಕೊಳ್ಳುತ್ತದೆ. ಆಮೇಲೆ ಆ ಮನೆಗೆ ನೀರು ಕುಡಿದ ಮನೆ ಎಂಬ ಹೆಸರು. ನೀರು ಕುಡಿದ ಮನೆಯವರ ಸೊಂಟದ ಕೆಳಗಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಅವರೂ ಎತ್ತಬಾರದು. ಎತ್ತಿದರೆ ನೀರು ಹೊಯ್ದವರಿಗೆ ಮೋಸ ಮಾಡಿದ ಹಾಗೆ. ಆಗ ಸರಿದ ಮನೆ ಮತ್ತೆ ಬರುವುದಿಲ್ಲ.

ನನ್ನ ಅಣ್ಣ ಮಲ್ಲೇಶಿ ಬೋರ್‌ವೆಲ್ ಗಾಡಿಯ ಮೇಲೆ ಕೆಲಸಕ್ಕಿದ್ದ. ತಿಂಗಳುಗಟ್ಟಲೆ ಊರೂರು ಸುತ್ತಿ ಮೈತುಂಬ ಕಲ್ಲಿನ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದ. ಮನೆಯ ಎರಡೂ ಕಡೆ ಬಯಲು ನೋಡಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಕಡೆಗೆ ಅವನು ಒಂದು ಆಡು ಹಿಡಿದುಕೊಂಡು ರಕ್ತದ ಮನೆಗೆ ಹೋದ. ನಾನು ಆಗ ಪರಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಅವ್ವ ಫೋನು ಮಾಡಿ, "ಇಲ್ಲಂತ ಬಂತು ಫಕೀರಪ್ಪಾ, ಇಲ್ಲಂತ ಬಂತು," ಎಂದಷ್ಟೇ ಹೇಳಿ ಅತ್ತಳು. ಅಣ್ಣ ತಂಬಿಗೆ ಹಿಡಿದು ಮುಂದೆ, ಅವ್ವ ಅವನ ಹಿಂದೆ, ಸಾಲಿನ ಎಲ್ಲ ಮನೆಗಳಲ್ಲಿ ನೀರು ಕುಡಿದರಂತೆ. ಅಣ್ಣ ಹೊಟ್ಟೆಯುಬ್ಬಿ ಬಡಿಗೇರರ ಹಿತ್ತಲಲ್ಲಿ ಕಕ್ಕಿದನಂತೆ. ಮರುದಿನ ಸಾವಂತ್ರಕ್ಕನ ಮನೆಯ ಗೋಡೆ ನಮ್ಮ ಗೋಡೆಗೆ ಬಂದು ಹತ್ತಿತ್ತು. ನಡುವಿದ್ದ ಜಾಲಿ ಎಲ್ಲಿ ಹೋಯಿತೋ.

ಅವ್ವನ ಬಾಳೇ ಬೇರೆಯಾಯಿತು. ಸಾವಂತ್ರಕ್ಕ ಆಚೆ ಒರಳಿನಲ್ಲಿ ಖಾರ ಕುಟ್ಟಿದರೆ ಈಚೆ ನಮ್ಮ ಗೂಡಿನ ಲೋಟಗಳು ಅಲುಗುತ್ತಿದ್ದವು. ಅವ್ವ ಕೆಲಸ ಬಿಟ್ಟು ಆ ಸದ್ದನ್ನು ಕೇಳುತ್ತಿದ್ದಳು. ಗೋಡೆಯಲ್ಲಿ ಒಂದು ಇಟ್ಟಿಗೆ ಕಿತ್ತು ಕಿಂಡಿ ಮಾಡಿಕೊಂಡರು. ಅದರಲ್ಲಿ ಚಟ್ನಿ ಹಿಂಡಿ, ಉಪ್ಪು, ಬೆಂಕಿಪೊಟ್ಟಣ ಅತ್ತಿತ್ತ ಹೋಗುತ್ತಿದ್ದವು. ಹದಿನೈದು ವರ್ಷ ಒಬ್ಬಳೇ ಮಾತಾಡಿಕೊಂಡಿದ್ದ ಹೆಂಗಸು ಈಗ ಗೋಡೆಗೆ ಬೆನ್ನು ಹಚ್ಚಿ ಕೂತು ಗೋಡೆಯಾಚೆಗೆ ಮಾತಾಡುತ್ತಿದ್ದಳು. ಸಾವಂತ್ರಕ್ಕ ಇಲ್ಲದಾಗಲೂ ಅಲ್ಲೇ ಕೂತಿರುತ್ತಿದ್ದಳು.

ಅಣ್ಣನಿಗೆ ಹೆಣ್ಣು ಸಿಕ್ಕಿತು. ಅತ್ತಿಗೆ ತಂಗೆವ್ವ ಬೇರೆ ಸೀಮೆಯವಳು. ಅವಳ ತವರಿನಲ್ಲಿ ಮನೆಗಳು ಕಟ್ಟಿದಲ್ಲೇ ಇರುತ್ತವೆ. ಬಂದ ವಾರವೇ, "ಅತ್ತಿ, ನಾಳೆ ನಮ್ಮ ಮನಿ ಎಲ್ಲಿರತೈತೋ ಗೊತ್ತಿಲ್ಲಂದ್ರ, ಇವತ್ತ ಅಂಗಳ ಯಾಕ್ ಸಾರಸ್ಬೇಕ್ರಿ?" ಎಂದು ಕೇಳಿದಳು.

"ಮನಿ ತಾವಾಗಿ ಸರಿಯಂಗಿಲ್ಲವಾ, ಮಂದಿ ಸರಸ್ತಾರ," ಎಂದಳು ಅವ್ವ. "ನೀ ಸಾರಸು."

ಪರೀಕ್ಷೆ ಮುಗಿದು ಹಾಸ್ಟೆಲಿಗೆ ರಜೆ ಬಿದ್ದಾಗ ನಾನು ಊರಿಗೆ ಬಂದೆ. ತಂಗೆವ್ವನಿಗೆ ಎಂಟು ತುಂಬಿತ್ತು. ಅಣ್ಣ ಮನೆಯಲ್ಲಿ ಹತ್ತು ದಿನ ಇದ್ದು ಆಗಷ್ಟೇ ಗಾಡಿಯ ಮೇಲೆ ಹೋಗಿದ್ದ. ಅವಳು ಕೂರುತ್ತಿರಲಿಲ್ಲ. ಒಲೆಯ ಮುಂದೆ ನಿಂತೇ ರೊಟ್ಟಿ ಬಡಿಯುತ್ತಿದ್ದಳು, ನಿಂತೇ ಉಣ್ಣುತ್ತಿದ್ದಳು. ಮೈ ಸುಡುತ್ತಿತ್ತು. ಬಚ್ಚಲಿಗೆ ಹೋದರೆ ಒಳಗಿನಿಂದ ಹಲ್ಲು ಕಚ್ಚಿ ನರಳುವುದು ಕೇಳುತ್ತಿತ್ತು. ಅವ್ವ ಅದಕ್ಕೆ ಕಾವು ಎಂದು ಹೆಸರಿಟ್ಟು, ಮಜ್ಜಿಗೆ ಕುಡಿಸಿ, ಹರಳೆಣ್ಣೆ ಹಚ್ಚಲು ಕೊಟ್ಟಿದ್ದಳು.

ಅವ್ವ ಹಿಟ್ಟಿನ ಗಿರಣಿಗೆ ಹೋದಾಗ ತಂಗೆವ್ವ ನನ್ನನ್ನು ಅಡುಗೆಮನೆಗೆ ಕರೆದಳು. "ಫಕೀರಪ್ಪ, ನೀ ಓದಿದಾಂವ. ಮೈದುನಗ ಹೇಳೋ ಮಾತಲ್ಲ ಇದು. ಆದ್ರ ಮತ್ಯಾರಿಗೆ ಹೇಳ್ಲಿ? ನಗಬ್ಯಾಡ."

"ನಗಂಗಿಲ್ಲ, ಹೇಳ್ರಿ ವೈನಿ."

"ಕೆಳಗ ಗುಳ್ಳಿ ಎದ್ದಾವ. ಗೊಂಚಲ ಗೊಂಚಲ. ಒಡದು ಹುಣ್ಣಾಗ್ಯಾವ. ಉಚ್ಚಿ ಹೊಯ್ದ್ರ ಖಾರ ತುಂಬಿದಂಗಾಗತೈತಿ. ಕಾವಿಗೆ ಹಿಂಗಾಗತೈತೇನು?"

ನನಗೆ ಗೊತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಅಣ್ಣನಿಗೆ ಫೋನು ಹಚ್ಚಿದೆ. ಗಾಡಿಯ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸದು. ಎರಡು ಸಲ ಕೂಗಿ ಹೇಳಿದ ಮೇಲೆ ಸದ್ದಿನಿಂದ ದೂರ ಬಂದ.

"ಗುಳ್ಳಿನಾ? ಅವು ನನಗೂ ಬಂದಿದ್ವು ಬಿಡೋ. ಹೋಗ್ತಾವ, ಮತ್ತ ಬರ್ತಾವ."

"ಯಾವಾಗ ಬಂದಿದ್ವು?"

"ಅದಕ್ಕ ಹೆದರೇ ನಾ ರಕ್ತದ ಮನಿಗೆ ಹೋಗಿದ್ದು. ಅಪ್ಪಂದ ನನಗ ಬಂತು ಅನ್ಕೊಂಡಿದ್ದೆ. ಇಲ್ಲ ಅಂದ್ರು. ಮುಗೀತಲ್ಲ."

"ಗುಳ್ಳಿಗೆ ಏನಂದ್ರು?"

"ಆ ಮೇಡಮ್ಮ ಏನೇನೋ ಅಂದ್ಲಪಾ. ಅದು ಬ್ಯಾರೆ ರೋಗ, ಮದುವ್ಯಾದ್ರ ಹೇಣ್ತಿಗೆ ಹೇಳು, ಗುಳ್ಳಿ ಇದ್ದಾಗ ದೂರಿರು, ಹಂಗ ಹಿಂಗ. ಎಚ್‌ಐವಿ ಇಲ್ಲ ಅಂದಮ್ಯಾಲೆ ನಾ ಎಲ್ಲಿ ಕೇಳ್ತೀನಿ? ಎದ್ದು ಓಡಿ ಬಂದ್ನಿ. ಆಡು ಸೈತ ಅಲ್ಲೇ ಬಿಟ್ಟು ಬಂದಿದ್ದೆ." ಅವನು ನಕ್ಕ. ಆಮೇಲೆ, "ಯಾಕ, ಆಕಿಗೂ ಬಂದಾವೇನು?" ಎಂದ.

ನಾನು ಫೋನು ಇಟ್ಟುಬಿಟ್ಟೆ. ನನ್ನ ಅಣ್ಣ ಕೆಟ್ಟವನಲ್ಲ. ಒಂದೇ ಪ್ರಶ್ನೆ ಹೊತ್ತುಕೊಂಡು ಹೋಗಿ, ಒಂದೇ ಉತ್ತರ ಕೇಳಿಸಿಕೊಂಡು ಬಂದಿದ್ದ. ಊರಿಡೀ ಹಾಗೆಯೇ ಮಾಡುತ್ತಿತ್ತು.

ಬಡಿಗೇರರ ಆಡು ಬಿಚ್ಚಿಕೊಂಡು ಬಯಲಿಗೆ ಹೊರಟೆ. ಆಡು ಮುಂದೆ ಹೋಗಲೊಲ್ಲದು, ಎಳೆದರೆ ಬ್ಯಾ ಎಂದು ಊರಿಗೆಲ್ಲ ಸಾರುತ್ತದೆ. ಹೇಗೋ ಮುಟ್ಟಿದೆ. ಒಳಗೆ ಆಪ್ತಸಮಾಲೋಚಕಿ ಫರ್ಜಾನಾ ಮೇಡಂ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅವರು ಹೊರಗಿನವರು, ದಿನಾ ಬಸ್ಸಿನಲ್ಲಿ ಬಂದುಹೋಗುವವರು. ಊರಿನಲ್ಲಿ ಬಾಡಿಗೆಗೆ ಹಿಡಿದ ಮನೆಯಿಂದ ಮೂರು ಸಲ ನೆರೆಮನೆಗಳು ಓಡಿಹೋದ ಮೇಲೆ ಮನೆ ಬಿಟ್ಟಿದ್ದರು.

"ಕರು ಕಳದೈತೋ, ಆಡು ಕಳದೈತೋ?" ಎಂದರು.

"ಆಡು ನನ್ನ ಕೂಡ ಐತ್ರಿ. ನನ್ನ ಹೆಸರು ಫಕೀರಪ್ಪ."

"ನಮ್ಮವನೇನಪಾ ಹಂಗಾರ?" ಎಂದು ನಕ್ಕು ಕುರ್ಚಿ ತೋರಿಸಿದರು. ನಾನು ಯಾರ ಹೆಸರೂ ಹೇಳದೆ, ಎಂಟು ತಿಂಗಳ ಬಸುರಿಗೆ ಹೀಗಾಗಿದೆ ಎಂದೆ. ಅವರ ನಗು ನಿಂತಿತು. ಬುತ್ತಿಯ ಮುಚ್ಚಳ ಹಾಕಿದರು.

"ಇದೇ ಮೊದಲ ಸಲ ಎದ್ದಾವೇನು?"

"ಹೌದ್ರಿ."

"ಅದಕ್ಕ ಹರ್ಪಿಸ್ ಅಂತಾರ. ಇಲ್ಲಿಗೆ ಎಚ್‌ಐವಿ ಪರೀಕ್ಷೆಗೆ ಬರೋ ಹತ್ತು ಮಂದ್ಯಾಗ ಮೂರ್ನಾಲ್ಕು ಮಂದಿಗೆ ಇದು ಇರತೈತಿ. ನಮ್ಮ ಪರೀಕ್ಷೆ ಇದನ್ನ ಹಿಡಿಯಂಗಿಲ್ಲ. ಬಾಯಿಲೆ ಹೇಳ್ತೀನಿ, ಯಾರೂ ಕೇಳಂಗಿಲ್ಲ. ಇಲ್ಲ ಅನ್ನೂ ಮಾತು ಕಿವಿಗೆ ಬಿತ್ತಂದ್ರ ತಂಬಿಗಿ ಹುಡುಕಾಕ ಓಡ್ತಾರ." ಬುತ್ತಿಯನ್ನು ಪಕ್ಕಕ್ಕೆ ಸರಿಸಿದರು. "ದೊಡ್ಡವರಿಗೆ ಇದರಿಂದ ಸಾವಿಲ್ಲ. ಗುಳಿಗಿ ಅದಾವ, ಗುಳ್ಳಿ ಆರ್ತಾವ. ಪೂರ್ತಿ ಹೋಗಂಗಿಲ್ಲ, ಅಷ್ಟ. ಆದ್ರ ಹಡಿಯೂ ಹೊತ್ತಿಗೆ ಹೊಸದಾಗಿ ಬಂತಂದ್ರ ಕೂಸಿಗೆ ತಗಲತೈತಿ. ಹುಟ್ಟೂವಾಗ ಹಾದು ಬರೂ ದಾರ್‍ಯಾಗ. ತಗಲಿದ ಕೂಸು ಉಳಿಯೂದು ಕಷ್ಟ."

"ಏನ್ ಮಾಡ್ಬೇಕ್ರಿ?"

"ಹೆರಿಗಿ ಡಾಕ್ಟರಿಗೆ ಹೇಳ್ಬೇಕು. ಅಷ್ಟ. ಗುಳ್ಳಿ ಎದ್ದಿದ್ವು ಅಂತ ಒಂದು ಮಾತು. ಅವರು ಗುಳಿಗಿ ಬರದು ಕೊಡ್ತಾರ, ಆಪರೇಷನ್ ಮಾಡಿ ಕೂಸನ್ನ ತಗೀತಾರ. ಹೇಳಿದ್ರ ಉಳೀತೈತಿ. ಗುಳ್ಳಿ ಆರ್‍ಯಾವ ಅಂತ ಸುಮ್ಮನಿರಬ್ಯಾಡ್ರಿ. ಆರಿದ್ರೂ ಹೇಳ್ಬೇಕು."

ಮನೆಗೆ ಬಂದು ಅವ್ವನಿಗೂ ತಂಗೆವ್ವನಿಗೂ ಇದನ್ನೇ ಹೇಳಿದೆ. ಗೋಡೆಯ ಕಿಂಡಿಗೆ ಅವ್ವ ಅರಿವೆ ತುರುಕಿದ ಮೇಲೆ ಹೇಳಿದೆ. ಅವ್ವ ಮೊದಲು ನಂಬಲಿಲ್ಲ. "ಮಲ್ಲೇಶಿ ನೀರು ಕುಡದಾನ" ಎಂದಳು. "ನೀರಿಗೂ ಗುಳ್ಳಿಗೂ ಸಂಬಂಧಿಲ್ಲಬೇ" ಎಂದೆ. ಅವಳು ಮತ್ತೆ "ನೀರು ಕುಡದಾನಲ್ಲೋ" ಎಂದಳು. ತಂಗೆವ್ವ ಗೋಡೆ ಹಿಡಿದು ನಿಂತಿದ್ದಳು. ಗಂಡನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಈಗ ಹೋಗೂಣು ನಡೀರಿ ದವಾಖಾನಿಗೆ," ಎಂದಳು.

"ನಾಳೆ ಅಮಾಸಿ ಐತಿ. ಬಸರಿ ಹೆಂಗಸು ಈಗ ಹೊಸ್ತಲ ದಾಟಬಾರದು. ನಾಡದು ಹೋಗೂಣು. ನಾನ ಹೇಳ್ತೀನಿ ಡಾಕ್ಟರಿಗೆ."

"ಮರೀತೀರಿ ಅತ್ತಿ."

"ನನ್ನ ಮೊಮ್ಮಗನ್ನ ನಾ ಮರೀತೀನೇನು?"

ಮರುದಿನ ಬೆಳಿಗ್ಗೆ ಗೋಡೆಯಲ್ಲಿ ಸಂದು ಬಿದ್ದಿತ್ತು. ಒಂದು ಬೆರಳಿನಷ್ಟು. ಕಿಂಡಿಯಲ್ಲಿ ತುರುಕಿದ್ದ ಅರಿವೆ ನಡುವೆ ಜೋತುಬಿದ್ದಿತ್ತು. ನಾನು ಆಡು ಎಳೆದುಕೊಂಡು ಹೋದದ್ದನ್ನು ಸಾವಂತ್ರಕ್ಕ ನೋಡಿದ್ದಳು. ಅವ್ವ ಆ ಸಂದಿನಲ್ಲಿ ಬೆರಳಿಟ್ಟು ಮೇಲಿಂದ ಕೆಳಗಿನವರೆಗೂ ಎಳೆದಳು. ಆಮೇಲೆ ಹಿಟ್ಟು ಕಲಸಿ ತಂದು ಸಂದು ಮೆತ್ತತೊಡಗಿದಳು. ಜೋಳದ ಹಿಟ್ಟಿನಿಂದ ಯಾವ ಮನೆಯೂ ನಿಂತದ್ದಿಲ್ಲ.

"ಅದು ಹುಡುಗ ಏನೋ ಕಾಲೇಜಿನ ಕೆಲಸಕ್ಕ ಹೋಗಿದ್ದಾ ಸಾವಂತ್ರಕ್ಕಾ," ಎಂದು ಕಿಂಡಿಗೆ ಬಾಯಿ ಹಚ್ಚಿ ಹೇಳಿದಳು.

"ನಾ ಏನರ ಕೇಳಿನೇನವಾ?" ಎಂದಿತು ಆಚೆಯ ದನಿ.

ಅಂದೇ ಮಧ್ಯಾಹ್ನ ತಂಗೆವ್ವನಿಗೆ ಬೇನೆ ಕಾಣಿಸಿಕೊಂಡಿತು. ಇನ್ನೂ ದಿನ ತುಂಬಿರಲಿಲ್ಲ. ಟಂಟಂ ಆಟೊ ತಂದೆ. ಅವ್ವ ಅವಳನ್ನು ಹತ್ತಿಸುವಾಗ ಸಾವಂತ್ರಕ್ಕ ತಲೆಗೆ ಸೆರಗು ಹೊದ್ದು ಬಂದು ತಾನೂ ಹತ್ತಿ ಕೂತಳು. ನೆರೆಮನೆಯ ಬಸುರಿಯನ್ನು ಒಬ್ಬಳನ್ನೇ ಕಳಿಸುವ ವಾಡಿಕೆಯಿಲ್ಲ. ಬೇಡವೆಂದರೆ ಅದಕ್ಕೇ ಒಂದು ಅರ್ಥ ಹುಟ್ಟುತ್ತಿತ್ತು. ದಾರಿಯುದ್ದಕ್ಕೂ ಅವಳು ತಂಗೆವ್ವನ ಕೈ ಹಿಡಿದು, "ತಾಳು ಮಗಳ, ಉಸುರು ಬಿಡು," ಎನ್ನುತ್ತಿದ್ದಳು. ಅವ್ವ ಸಾವಂತ್ರಕ್ಕನ ಮುಖವನ್ನೇ ನೋಡುತ್ತಿದ್ದಳು.

ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸು ನನ್ನ ಎದೆಗೆ ಕೈಯಿಟ್ಟಳು. "ಗಂಡಸರು ಹೊರಗ."

"ಡಾಕ್ಟರಿಗೆ ಒಂದು ಮಾತು ಹೇಳೂದೈತ್ರಿ."

"ಅತ್ತಿ ಬರ್ತಾಳಲ್ಲ, ಆಕಿ ಹೇಳ್ತಾಳ. ಗುದ್ದಾಡಬ್ಯಾಡ."

ನಾನು ಅವ್ವನ ರಟ್ಟೆ ಹಿಡಿದೆ. "ಬೇ, ಹೇಳು. ಒಳಗ ಹೋದಕೂಡ್ಲೆ ಹೇಳು."

"ಬಿಡು, ಹೇಳ್ತೀನಿ."

ತಂಗೆವ್ವ ತಿರುಗಿ ನೋಡಿದಳು. "ಅತ್ತಿ."

"ಹೇಳ್ತೀನಿ ಅಂದ್ನೆಲ್ಲವಾ."

ಮೂವರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವ್ವ ಒಬ್ಬಳೇ ಹೊರಗೆ ಬಂದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಹೇಳಿದೇನು?"

"ಹೇಳೀನಿ."

"ಏನಂದ್ರು?"

"ನೋಡ್ಕೋತೀವಿ ಅಂದ್ರು." ಕಟ್ಟೆಯ ಮೇಲೆ ಕೂತಳು. "ನೀ ಚಾ ಕುಡದ ಬಾ, ಹೋಗು."

ನಾನು ಹೋಗಿ ಚಹಾ ಕುಡಿದೆ. ಅವ್ವನಿಗೂ ಒಂದು ಕಪ್ಪು ತಂದೆ. ಆಪರೇಷನ್ ಆಗಲಿಲ್ಲ. ಹೆರಿಗೆ ಸಲೀಸಾಗಿ ಆಯಿತೆಂದು ನರ್ಸು ಬಂದು ಹೇಳಿದಳು. ಹೆಣ್ಣು. ನೋಡಿಯೇ ಬೇಡವೆಂದಿರಬೇಕು, ಎಂದುಕೊಂಡೆ. ಹುಣ್ಣುಗಳು ಒಣಗತೊಡಗಿವೆ ಎಂದು ತಂಗೆವ್ವ ಆ ಬೆಳಿಗ್ಗೆ ಅಂದಿದ್ದಳು. ಡಾಕ್ಟರು ಗೊತ್ತಿದ್ದೇ ಮಾಡಿರುತ್ತಾರೆ. ಓದಿದವರು.

ಕೂಸು ಚೆನ್ನಾಗಿತ್ತು. ಕೆಂಪಗೆ, ತಲೆತುಂಬ ಕೂದಲು. ಮನೆಗೆ ಕರೆತಂದ ಮರುದಿನ ಸಂದು ಮುಚ್ಚಿಹೋಗಿತ್ತು. ಸಾವಂತ್ರಕ್ಕನ ಗೋಡೆ ನಮ್ಮ ಗೋಡೆಗೆ ಒತ್ತಿಕೊಂಡಿತ್ತು. ಬಲಗಡೆಯಿಂದ ಬಡಿಗೇರರ ಮನೆಯೂ ಬಂದು ಹತ್ತಿತ್ತು. ಹೆಂಗಸರು ಬಂದು ಕೂಸಿನ ಮೂಗು ಯಾರದು, ಗದ್ದ ಯಾರದು ಎಂದು ಜಗಳಾಡಿದರು. ಬಡಿಗೇರರ ಮುದುಕಿ, "ಮೂಗು ನಿಮ್ಮ ಮನಿದು, ಅದನ್ನ ಕೊಯ್ಸಿ ಹಾಕು," ಎಂದಳು. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಣ್ಣ ಫೋನಿನಲ್ಲಿ ಕೂಸಿನ ಅಳು ಕೇಳಿಸಿಕೊಂಡು, ರಜೆ ಕೇಳಿದ್ದೇನೆ ಎಂದ.

ಹೆಸರಿಡುವ ಸಿದ್ಧತೆ ನಡೆದಿದ್ದಾಗ ಕೂಸು ಮೊಲೆ ಕಚ್ಚುವುದನ್ನು ಬಿಟ್ಟಿತು. ಬೆಳಿಗ್ಗೆಯಿಂದ ನಿದ್ದೆ ಹೆಚ್ಚಾಗಿದೆ ಎಂದುಕೊಂಡರು. ಎರೆಯಲು ಕೂತಾಗ ನೆತ್ತಿಯ ಕೂದಲಲ್ಲಿ ಮೂರು ನೀರುಗುಳ್ಳೆ ಕಂಡವು. ತಂಗೆವ್ವ ನೋಡಿದಳು. ಕೂಸನ್ನು ಒದ್ದೆ ಮೈಯಲ್ಲೇ ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ನಾವು ಅವಳ ಹಿಂದೆ ಓಡಿದೆವು.

ಡಾಕ್ಟರು ನಮ್ಮ ಕಡೆಯವರೇ, ಗಟ್ಟಿ ದನಿಯ ಹೆಂಗಸು. ಕೂಸಿನ ನೆತ್ತಿಯನ್ನು ದೀಪದ ಕೆಳಗೆ ಹಿಡಿದು ನೋಡಿದರು. ಅಷ್ಟರಲ್ಲಿ ಕೂಸಿನ ಎಡಗೈ ತಾನಾಗಿಯೇ ಅದುರತೊಡಗಿತು. ಬಾಯಿಯ ಒಂದು ಬದಿ ಎಳೆಯಿತು. ಡಾಕ್ಟರು ನರ್ಸಿಗೆ ದೊಡ್ಡಾಸ್ಪತ್ರೆಗೆ ಹೋಗಲು ಗಾಡಿ ತರಿಸಲು ಹೇಳಿ ತಂಗೆವ್ವನ ಕಡೆ ತಿರುಗಿದರು.

"ನಿನಗ ಬಸರಿದ್ದಾಗ ಕೆಳಗ ಗುಳ್ಳಿ ಎದ್ದಿದ್ವೇನವಾ?"

"ಎದ್ದಿದ್ವಲ್ರಿ," ಎಂದಳು ತಂಗೆವ್ವ. "ಅತ್ತಿ ಹೇಳಿದ್ರಲ್ರಿ ನಿಮಗ."

"ಯಾವ ಅತ್ತಿ? ನನಗ ಯಾರೂ ಏನೂ ಹೇಳಿಲ್ಲ."

"ಹೆರಿಗಿ ದಿವಸ. ಒಳಗ ಬಂದಕೂಡ್ಲೆ."

"ನಿನ್ನ ಪರದೆ ಹಿಂದ ಮಲಗಿಸಿದಮ್ಯಾಲೆ ನಾನ ಕೇಳೀನಿ. ಏನರ ತೊಂದ್ರಿ ಐತೇನು ಅಂತ. ಏನಿಲ್ಲ, ನಮ್ಮದು ನೀರು ಕುಡದ ಮನಿ ಅಂದ್ಲು ಈಕಿ." ಡಾಕ್ಟರು ಅವ್ವನ ಕಡೆ ಬೆರಳು ಮಾಡಿದರು. "ಒಣಗಿದ ಕಲಿ ಒಂದೆರಡು ಕಂಡ್ವು, ಆದ್ರ ನೀರು ಕುಡದ ಮನಿ ಅಂದಮ್ಯಾಲೆ ನಾ ಮತ್ತೇನ್ ಕೇಳ್ಲಿ?"

ಕೂಸಿನ ಕೈ ಅದುರುವುದು ಮೇಜಿನ ರಬ್ಬರ್ ಹಾಸಿನ ಮೇಲೆ ತಟ್ ತಟ್ ಎಂದು ಕೇಳುತ್ತಿತ್ತು. ನಾನು ಅವ್ವನನ್ನು ನೋಡಿದೆ. ತಂಗೆವ್ವನೂ ನೋಡಿದಳು. ಅವ್ವ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದಳು. ಸುಳ್ಳು ಹೇಳಿದವರ ಮುಖ ಹೇಗಿರುತ್ತದೆಂದು ನಾನು ಪುಸ್ತಕಗಳಲ್ಲಿ ಓದಿದ್ದೆ. ಅವಳದು ಹಾಗಿರಲಿಲ್ಲ. ಕೈಯಿಂದ ಏನೋ ಜಾರಿ ಬಾವಿಗೆ ಬಿದ್ದಾಗ ನೀರು ನೋಡುವವರಂತೆ ನೋಡುತ್ತಿದ್ದಳು.

"ಸಾವಂತ್ರಕ್ಕ ಅಲ್ಲೇ ನಿಂತಿದ್ಲು," ಎಂದಳು.

ತಂಗೆವ್ವ ಅವಳ ಹತ್ತಿರ ಹೋದಳು. ಹೊಡೆಯುತ್ತಾಳೆ ಎಂದುಕೊಂಡೆ. "ಒಂದ ಮಾತಿತ್ರಿ ಅತ್ತಿ," ಎಂದಳು. "ಅದನ್ನೂ ನೀವ ಹೇಳ್ತೀನಿ ಅಂದಿದ್ರಿ." ಅಷ್ಟೇ ಹೇಳಿ ಕೂಸಿನ ಹತ್ತಿರ ತಿರುಗಿ ಹೋದಳು.

ಅವ್ವ ನನಗೆ ಹೇಳಲು ನೋಡಿದಳು, ಗಾಡಿ ಬರುವವರೆಗೂ. ಒಂದು ಕಡೆ ಸಾವಂತ್ರಕ್ಕ, ಒಂದು ಕಡೆ ಡಾಕ್ಟರು, ಬಾಯಿ ತೆರೆದರೂ ಮಾತು ಬರಲಿಲ್ಲವಂತೆ. ಹೊರಗೆ ಬಂದಮೇಲೆ ಮತ್ತೆ ಒಳಗೆ ಹೋಗಿ ಹೇಳಬೇಕೆಂದು ಎದ್ದಳಂತೆ, ಅಷ್ಟರಲ್ಲಿ ನಾನು ಚಹಾ ತಂದೆನಂತೆ. ಗುಳ್ಳೆ ಆರಿದ್ದವಲ್ಲ ಎಂದುಕೊಂಡಳಂತೆ. ಕೂಸು ಕೆಂಪಗೆ ಹುಟ್ಟಿತಲ್ಲ ಎಂದುಕೊಂಡಳಂತೆ. "ಮತ್ತ ಅಷ್ಟು ವರ್ಷ ಒಬ್ಬಾಕಿನ ಇರಾಕ ನನ್ನ ಕಡಿಂದ ಆಗ್ತಿರಲಿಲ್ಲೋ," ಎಂದಳು.  

ದೊಡ್ಡಾಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಔಷಧ ಹತ್ತಿಸಿದರು. ಒಂದು ವಾರ ಮುಂಚೆ ಬಂದಿದ್ದರೆ, ಎಂದರು ಅಲ್ಲಿಯವರು. ಅಣ್ಣ ಮೈಮೇಲಿನ ಕಲ್ಲಿನ ಹಿಟ್ಟು ತೊಳೆಯದೆ ಬಂದು, ಗಾಜಿನ ಮುಂದೆ ನಿಂತು, "ಇದೂ ಅದರಿಂದಾನ?" ಎಂದು ನನ್ನನ್ನು ಕೇಳಿದ. ಹೌದೆಂದೆ. "ಅದು ಬರೀ ಗುಳ್ಳಿ ಅಲ್ಲೇನೋ?" ಎಂದ. ತಂಗೆವ್ವ ಅವನ ಕಡೆ ನೋಡಲಿಲ್ಲ. ಕೂಸು ಸೋಮವಾರ ಸತ್ತಿತು.

ಮಣ್ಣು ಮಾಡಿ ಬಂದಾಗ ನಮ್ಮ ಸಾಲಿನಲ್ಲಿ ಒಂದು ಮನೆಯೂ ಅಲುಗಿರಲಿಲ್ಲ. ಹಸುಗೂಸು ಸಾಯುವುದು ನಮ್ಮೂರಿನಲ್ಲಿ ಯಾರಿ‌ಗೂ ಅವಮಾನವಲ್ಲ. ತಂಗೆವ್ವ ತನ್ನ ಟ್ರಂಕು ತುಂಬಿಕೊಂಡು ತವರಿಗೆ ಹೊರಟಳು. ಅಣ್ಣ ಬಸ್ ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತು ಹೋದ. ಬಸ್ಸು ಬರುವವರೆಗೂ ಇಬ್ಬರೂ ಬೇರೆ ಬೇರೆ ಬೆಂಚಿನ ಮೇಲೆ ಕೂತಿದ್ದರೆಂದು ಪೋಸ್ಟ್‌ಮ್ಯಾನ್ ಹೇಳಿದ. ಅವಳು ತಿರುಗಿ ಬರಲಿಲ್ಲ.

ಸಾವಂತ್ರಕ್ಕ ನುಚ್ಚು, ಸಾರು ಮಾಡಿ ತಂದಳು. ಅವ್ವನ ಎದುರಿಗೆ ತಾಟು ಇಟ್ಟು ಕೂತಳು. ಅವ್ವ ಉಣ್ಣಲಿಲ್ಲ. ಆಮೇಲೆ ಸಾವಂತ್ರಕ್ಕ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು.

"ಕೂಸಿನ ತಲಿಮ್ಯಾಲ ಎದ್ದಿದ್ವಲ್ಲ, ನೀರಗುಳ್ಳಿ ಇದ್ವೇನು?"

"ಹೌದು."

"ಕೈ ಅದರ್ತಿತ್ತೇನು? ಒಂದ ಕೈ?"

"ಹೌದು. ಯಾಕ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತೆಗೆದಾಗ ಮುಖ ಬೂದಿಯಂತಾಗಿತ್ತು. "ನನ್ನ ಮಗಳು ಲಕ್ಕವ್ವನ ಕೂಸಿಗೂ ಹಿಂಗ ಆಗಿತ್ತು. ಹ್ವಾದ ಸುಗ್ಗ್ಯಾಗ. ಆಕಿಗೂ ಬಸರಾಗ ಕೆಳಗ ಹುಣ್ಣಾಗಿದ್ವು. ಕಾವು ಅಂತ ಹೇಳಿ ಮಜ್ಜಿಗಿ ಕುಡಿಸಿದೆ. ಅಳಿಯ ನೀರು ಕುಡದಿದ್ದ. ನಾ ಯಾರ ಮುಂದೂ ಅನ್ನಲಿಲ್ಲ." ಅವ್ವನ ಕಡೆ ನೋಡಿದಳು. "ನೀ ಗ್ವಾಡಿ ಆಚಿಗಿದ್ದಿ. ನಿನಗ ಗೊತ್ತಾದೀತು ಅಂತ ಆ ಹುಡುಗಿ ಬಾಯಾಗ ಅರಿವಿ ತುರುಕಿ ಮಲಗಸ್ತಿದ್ದೆ."

ಅವ್ವ ಅವಳನ್ನೇ ನೋಡುತ್ತ ಕೂತಳು. ತಾಟಿನ ಮೇಲೆ ನೊಣ ಕೂತವು. ಯಾರ ಕಿವಿಗೆ ಹೆದರಿ ಅವಳು ಬಾಯಿ ಮುಚ್ಚಿಕೊಂಡಿದ್ದಳೋ ಆ ಕಿವಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ಅವಳು ಹೇಳಿದ್ದರೆ ಸಾವಂತ್ರಕ್ಕ ಬೆಚ್ಚಿಬೀಳುತ್ತಿದ್ದಳು, ಆದರೆ ಸರಿಯುತ್ತಿರಲಿಲ್ಲ. ಇದು ಅವ್ವನಿಗೆ ಹೊಳೆದದ್ದು ನನಗೆ ಕಾಣಿಸಿತು. ನಾನು ಎದ್ದು ಹೊರಗೆ ಬಂದೆ.

ಹಾಸ್ಟೆಲಿಗೆ ಹೋಗುವ ಮುಂಚೆ ನಾನು ಸಾಲಿನ ಮನೆಗಳಿಗೆ ಹೋಗಿ, ಹೀಗೆ ಗುಳ್ಳೆ ಎದ್ದು ಸತ್ತ ಕೂಸು ನಿಮ್ಮಲ್ಲೂ ಇದೆಯೇ ಎಂದು ನೇರವಾಗಿ ಕೇಳಿದೆ. ಇಬ್ಬರು ಬಾಗಿಲು ಹಾಕಿಕೊಂಡರು. ಒಬ್ಬಳು ಸಗಣಿ ಎರಚಿದಳು. ಬಡಿಗೇರರ ಮುದುಕಿ ಬಹಳ ಹೊತ್ತು ನನ್ನ ಮುಖ ನೋಡಿ ಆಮೇಲೆ ಹೇಳಿದಳು. ಮೂಲೆಮನೆಯ ಬಾಣಂತಿ ಕೇಳುವ ಮೊದಲೇ ಹೇಳಿದಳು. ಇಷ್ಟು ತಿಳಿಯಿತು. ಎರಡು ವರ್ಷದಲ್ಲಿ ನಮ್ಮ ಒಂದು ಸಾಲಿನಲ್ಲಿ ಲಕ್ಕವ್ವನದು ಒಂದು, ಗಂಡು. ಬಡಿಗೇರರ ಸೊಸೆಯದು ಒಂದು, ಗಂಡು. ಮೂಲೆಮನೆಯದು ಒಂದು, ಹೆಣ್ಣು. ನಮ್ಮದು ಒಂದು, ಹೆಣ್ಣು. ಒಟ್ಟು ನಾಲ್ಕು ಕೂಸು. ಒಂದಕ್ಕೂ ಹೆಸರಿಟ್ಟಿರಲಿಲ್ಲ.